ಬಾರಾಮಹಲಿನ ಯುದ್ಧಗಳನ್ನು ಓದಲು ಪುಸ್ತಕ ಎಲ್ಲಿ ಸಿಗುತ್ತದೆ?

ಕೃಷ್ಣಗಿರಿ ಊರಿನ ನೆತ್ತಿಯ ಮೇಲೆ ನಿಂತಿರುವ ಆ ಬೋಳು ಬಂಡೆಬೆಟ್ಟವನ್ನು ದಿನಾ ನೋಡುವವರು ಸಾವಿರಾರು ಜನ. 1791ರ ನವೆಂಬರಿನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ಲನ ದಂಡು ರಾತ್ರಿ ಹೊತ್ತು ಅದರ ಮೇಲೆ ಏರಿಹೋಯಿತು. ಪೇಟೆ ಬಿತ್ತು, ಕೆಳಗಿನ ಕೋಟೆಯೂ ಬಿತ್ತು. ಮೇಲಿನ ಕೋಟೆ ಮಾತ್ರ ಬೀಳಲಿಲ್ಲ. ಟಿಪ್ಪು ಸುಲ್ತಾನನ ಸಿಪಾಯಿಗಳು ಮೇಲಿನಿಂದ ದೊಡ್ಡ ದೊಡ್ಡ ಕಲ್ಲುಗುಂಡು ಉರುಳಿಸಿ ಏಣಿ ಹೊತ್ತು ಬಂದವರನ್ನು ಹಿಂದಕ್ಕಟ್ಟಿದರು. ಆ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಕೈಗೆ ಸಾಲುಸಾಲಾಗಿ ಸಿಕ್ಕ ಬೆಟ್ಟದ ಕೋಟೆಗಳ ನಡುವೆ ಕೃಷ್ಣಗಿರಿ ಹೀಗೆ ಉಳಿದುಕೊಂಡಿತು.

ಹೊಸೂರಿನ ಸುತ್ತಲೂ, ಹಿಂದೆ ಬಾರಾಮಹಲ್ ಎನ್ನುತ್ತಿದ್ದ ಕೃಷ್ಣಗಿರಿ ಸೀಮೆಯಲ್ಲೂ ಇಂಥ ಕಥೆಗಳಿಗೆ ಬರವಿಲ್ಲ. ಕಾವೇರಿಪಟ್ಟಣದಲ್ಲಿ ಹೈದರಾಲಿಗೂ ಇಂಗ್ಲಿಷರಿಗೂ 1767ರಲ್ಲಿ ಜಟಾಪಟಿ ನಡೆದಿದೆ. 1768ರ ಕೊನೆಯಲ್ಲಿ ಹೊಸೂರಿನ ನೆರವಿಗೆಂದು ಹೊರಟ ಕರ್ನಲ್ ವುಡ್ ತನ್ನ ಸಾಮಾನು ಸರಂಜಾಮನ್ನೂ ಎರಡು ದೊಡ್ಡ ಹಿತ್ತಾಳೆ ತೋಪುಗಳನ್ನೂ ಬಾಗಲೂರಿನಲ್ಲಿ ಬಿಟ್ಟುಹೋದ. ಹೈದರ್ ಹಿಂದಿನಿಂದ ಬಂದು ಅವನ್ನು ಬಾಚಿಕೊಂಡ. 1791ರ ಜುಲೈಯಲ್ಲಿ ಹೊಸೂರು, ರಾಯಕೋಟೆ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ವಶವಾದವು. 1799ರ ಮಾರ್ಚಿನಲ್ಲಿ ಜನರಲ್ ಹ್ಯಾರಿಸನ ಸೈನ್ಯ ಶ್ರೀರಂಗಪಟ್ಟಣಕ್ಕೆ ಹೊರಟದ್ದು ರಾಯಕೋಟೆ, ಕೆಲಮಂಗಲ, ಆನೇಕಲ್ ದಾರಿಯಲ್ಲೇ. ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಲೋಕಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿ ಆಗ ಆ ದಂಡಿನಲ್ಲಿದ್ದ. ಹತ್ತೊಂಬತ್ತನೆಯ ಶತಮಾನದಲ್ಲಿ ಮದ್ರಾಸ್ ಸೈನ್ಯಕ್ಕೆ ಕುದುರೆ ಒದಗಿಸುವ ಕೇಂದ್ರ ಇದ್ದದ್ದು ಹೊಸೂರಿನ ಮತ್ತಿಗಿರಿಯಲ್ಲಿ. ಈಗಿನ ಜಾನುವಾರು ಫಾರ್ಮು ಅದೇ ಜಾಗ.

ಇಷ್ಟೆಲ್ಲ ಕಾಲಬುಡದಲ್ಲಿದ್ದರೂ ಇಲ್ಲಿನ ಪುಸ್ತಕದಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಶಾಲೆ ಪುಸ್ತಕ, ಗೈಡು, ಸರ್ಕಾರಿ ಪರೀಕ್ಷೆಯ ಪ್ರಶ್ನೋತ್ತರ. ಯುದ್ಧ ಇತಿಹಾಸ ಬೇಕೆನ್ನುವವರು ಸ್ವಲ್ಪ ಓಡಾಡಬೇಕು, ಸ್ವಲ್ಪ ಫೋನಿನಲ್ಲಿ ಹುಡುಕಬೇಕು. ಎರಡಕ್ಕೂ ಮೊದಲು ಏನು ಹುಡುಕಬೇಕು ಎಂಬುದು ಗೊತ್ತಿರಬೇಕು.

ಮೊದಲ ತೊಡಕು ಜಿಲ್ಲೆಯ ಹೆಸರಿನದು. ಕೃಷ್ಣಗಿರಿ ಜಿಲ್ಲೆ ಆದದ್ದು 2004ರಲ್ಲಿ. ಅದಕ್ಕೆ ಮೊದಲು ಇದು ಧರ್ಮಪುರಿ ಜಿಲ್ಲೆ, ಅದು ಹುಟ್ಟಿದ್ದು 1965ರಲ್ಲಿ. ಅದಕ್ಕೂ ಹಿಂದೆ ಎಲ್ಲವೂ ಸೇಲಂ. ಆದ್ದರಿಂದ ಗ್ರಂಥಾಲಯದ ಪಟ್ಟಿಯಲ್ಲಿ ಕೃಷ್ಣಗಿರಿ, ಹೊಸೂರು ಎಂದು ಹುಡುಕಿದರೆ ಹಳೆಯದೇನೂ ಕೈಗೆ ಬರುವುದಿಲ್ಲ. ಸೇಲಂ ಎಂದು ಹುಡುಕಿ. ಎಚ್. ಲೆಫಾನು ಸಿದ್ಧಪಡಿಸಿದ ಸೇಲಂ ಜಿಲ್ಲಾ ಮ್ಯಾನ್ಯುಯಲ್ (1883), ಎಫ್. ಜೆ. ರಿಚರ್ಡ್ಸ್ ಬರೆದ ಸೇಲಂ ಗೆಜೆಟಿಯರ್ (1918) ಇವೆರಡೇ ಸಾಕು, ಒಂದು ವರ್ಷದ ಓದಿಗೆ. ರಿಚರ್ಡ್ಸನ ಗೆಜೆಟಿಯರ್ ಎರಡು ಭಾಗದಲ್ಲಿದೆ. ಊರೂರಿನ ವಿವರ, ಕೋಟೆಗಳ ಚರಿತ್ರೆ ಬೇಕಾದವರು ಎರಡನ್ನೂ ಜೊತೆಗಿಟ್ಟುಕೊಳ್ಳಬೇಕು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಯ ಪಾಲಾದ ಮೇಲೆ ಅಲೆಕ್ಸಾಂಡರ್ ರೀಡ್ ಇಲ್ಲಿನ ಆಡಳಿತ ನೋಡಿಕೊಂಡ. ಥಾಮಸ್ ಮನ್ರೊ ಅವನ ಸಹಾಯಕ. ಇಬ್ಬರೂ ಸೈನ್ಯದಿಂದ ಬಂದವರು. ಅವರ ಕಾಲದ ಕಾಗದಪತ್ರಗಳನ್ನು ‘ಬಾರಾಮಹಲ್ ರೆಕಾರ್ಡ್ಸ್’ ಎಂಬ ಹೆಸರಿನಲ್ಲಿ ಮದ್ರಾಸ್ ಸರ್ಕಾರ 1907ರಿಂದ ಬಿಡಿ ಸಂಪುಟಗಳಾಗಿ ಅಚ್ಚು ಹಾಕಿಸಿತು. ಯುದ್ಧ ಮುಗಿದ ಮರುದಿನ ಹಳ್ಳಿಗಳ ಗತಿ ಏನಾಗಿತ್ತು ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಆಕರ ಇಲ್ಲ.

ಊರ ಹೆಸರುಗಳನ್ನು ಇಂಗ್ಲಿಷರು ಮನಸ್ಸಿಗೆ ಬಂದಂತೆ ಬರೆದಿದ್ದಾರೆ. ಹೊಸೂರು ಊಸ್ಸೂರ್ ಆಗಿದೆ, ಕೃಷ್ಣಗಿರಿ ಕಿಸ್ಟ್ನಗೆರ್ರಿ, ರಾಯಕೋಟೆ ರಯಾಕೋಟಾ, ಕಾವೇರಿಪಟ್ಟಣ ಕಾವೇರಿಪಟಾಮ್. ಪುಸ್ತಕದ ಒಳಗೆ ಹುಡುಕುವಾಗ ಈ ರೂಪಗಳನ್ನೂ ಹಾಕಿ ನೋಡಿ.

ಖರ್ಚಿಲ್ಲದೆ ಸಿಗುವ ಪುಸ್ತಕ

ಈ ಕಾಲದ ಓದುಗರಿಗೆ ಹಳೆಯ ಕಾಲದವರಿಗಿಲ್ಲದ ಒಂದು ಅನುಕೂಲ ಇದೆ. ಮೈಸೂರು ಯುದ್ಧಗಳ ಮೂಲ ಪುಸ್ತಕಗಳ ಬಹುಪಾಲು ಹಕ್ಕುಸ್ವಾಮ್ಯ ಮುಗಿದಂಥವು. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡು 60 ವರ್ಷ ಕಳೆದರೆ ಪುಸ್ತಕ ಸಾರ್ವಜನಿಕರದಾಗುತ್ತದೆ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಇವು ಪುಟಪುಟವೂ ಸಿಗುತ್ತವೆ. ಬೆಂಗಳೂರಿನಲ್ಲಿ ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಲ್ಲಿಗೆ ಏರಿಸುವ ಕೆಲಸ ಹಲವು ವರ್ಷಗಳಿಂದ ನಡೆಸಿದ್ದಾರೆ. ಅವರ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹದಲ್ಲಿ ಕನ್ನಡ ಪುಸ್ತಕಗಳೂ ರಾಶಿ ಇವೆ. ಕೇಂದ್ರ ಸರ್ಕಾರದ ಇಂಡಿಯನ್ ಕಲ್ಚರ್ ಪೋರ್ಟಲ್, ತಮಿಳುನಾಡು ಸರ್ಕಾರದ ತಮಿಳ್ ಡಿಜಿಟಲ್ ಲೈಬ್ರರಿ ಇವನ್ನೂ ತಡಕಬಹುದು.

ಯಾವುದರಿಂದ ಶುರು ಮಾಡುವುದು? ಹೊಸೂರಿನ ಓದುಗರಿಗೆ ನಾನು ಮೊದಲು ಹೇಳುವುದು ಮೇಜರ್ ಡಿರೋಮನ ಪುಸ್ತಕ. 1792ರಲ್ಲಿ ಮುಗಿದ ಯುದ್ಧದ ಕಥನ ಅದು, ಲಂಡನ್ನಿನಲ್ಲಿ 1793ರಲ್ಲಿ ಅಚ್ಚಾಯಿತು. ದಂಡಿನ ಜೊತೆಗೇ ಇದ್ದ ಅಧಿಕಾರಿ ಬರೆದದ್ದರಿಂದ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿದ ಬಗೆ ಹತ್ತಿರದಿಂದ ಕಾಣುತ್ತದೆ. ಆಮೇಲೆ ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಅವನು ದಕ್ಷಿಣ ಭಾರತದ ಚರಿತ್ರೆಯನ್ನು 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ. ಬಾಗಲೂರಿನಲ್ಲಿ ವುಡ್ ತೋಪು ಕಳೆದುಕೊಂಡ ಪ್ರಸಂಗ ಅವನಲ್ಲಿ ಕಣ್ಣಿಗೆ ಕಟ್ಟುವಂತಿದೆ. ಹೈದರನ ಸವಾರರಿಗೆ ಹೆದರಿ ಊರ ಕೋಟೆಯೊಳಗೆ ನುಗ್ಗಲು ಬಂದವರ ಮೇಲೆ ಬಾಗಿಲು ಹಾಕಿಕೊಂಡದ್ದು, ಆ ನೂಕುನುಗ್ಗಲಿನಲ್ಲಿ ಜನ ಸಿಕ್ಕಿ ಸತ್ತದ್ದು ಎಲ್ಲವನ್ನೂ ಬರೆದಿದ್ದಾನೆ. ಬಾಗಲೂರಿನ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು. ವಿಲ್ಕ್ಸನ ಪುಸ್ತಕವನ್ನು ಮೈಸೂರು ಸರ್ಕಾರ 1930ರ ದಶಕದ ಆರಂಭದಲ್ಲಿ ಮರ್ರೆ ಹ್ಯಾಮಿಕ್‌ನ ಟಿಪ್ಪಣಿಗಳ ಜೊತೆ ಎರಡು ಸಂಪುಟಗಳಲ್ಲಿ ಮತ್ತೆ ಅಚ್ಚು ಹಾಕಿಸಿತು. ಎರಡೂ ಸಿಕ್ಕುವುದಾದರೆ ಈ ಮೈಸೂರು ಆವೃತ್ತಿಯನ್ನೇ ಆರಿಸಿ. ಟಿಪ್ಪಣಿಗಳಿಂದ ಊರು, ಹೆಸರು ಗುರುತು ಹಿಡಿಯುವುದು ಸುಲಭ.

1799ಕ್ಕೆ ಅಲೆಕ್ಸಾಂಡರ್ ಬೀಟ್ಸನ್ ಇದ್ದಾನೆ. ಹ್ಯಾರಿಸನ ಸೈನ್ಯದಲ್ಲಿ ಮೋಜಣಿ ಮಾಡುತ್ತಿದ್ದವನು, ಮರುವರ್ಷವೇ ಪುಸ್ತಕ ಬರೆದ. (ಬೀಟ್ಸನ್ನೂ ವಿಲ್ಕ್ಸೂ ಆಮೇಲೆ ಒಬ್ಬರ ಹಿಂದೊಬ್ಬರು ಸೇಂಟ್ ಹೆಲೀನಾ ದ್ವೀಪದ ಗವರ್ನರ್ ಆದರು. 1815ರಲ್ಲಿ ನೆಪೋಲಿಯನ್ ಸೆರೆಯಾಳಾಗಿ ಅಲ್ಲಿಗೆ ಬಂದಾಗ ಗವರ್ನರ್ ಆಗಿದ್ದವನು ನಮ್ಮ ಈ ವಿಲ್ಕ್ಸನೇ.) ಇಡೀ ಮದ್ರಾಸ್ ಸೈನ್ಯದ ಚರಿತ್ರೆ ಬೇಕಾದರೆ ಡಬ್ಲ್ಯು. ಜೆ. ವಿಲ್ಸನ್ನನ ಐದು ಸಂಪುಟ. ಕೋಟೆಗೆ ಲಗ್ಗೆ ಹಾಕುವ ಎಂಜಿನಿಯರುಗಳ ಕೆಲಸ ಹೇಗಿತ್ತು ಎಂಬ ಕುತೂಹಲ ಇದ್ದರೆ ವೈಬಾರ್ಟ್ ಬರೆದ ಮದ್ರಾಸ್ ಎಂಜಿನಿಯರ್ಸ್ ಮತ್ತು ಪಯೋನಿಯರ್ಸ್ ಚರಿತ್ರೆ. ಇವತ್ತು ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಪೂರ್ವಿಕರ ಕಥೆ ಅದು.

ಇವರೆಲ್ಲ ಗೆದ್ದ ಪಕ್ಷದವರು. ಅವರ ಲೆಕ್ಕ, ಅವರ ಹೊಗಳಿಕೆ, ಅವರ ನೆಪಗಳನ್ನಷ್ಟೇ ಓದಿ ಪುಸ್ತಕ ಮುಚ್ಚಿದರೆ ಅರ್ಧ ಕಥೆ ಓದಿದ ಹಾಗೆ. ಮೈಸೂರಿನ ಕಡೆಯಿಂದ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯ ಪಾರ್ಸಿ ಚರಿತ್ರೆ ಇದೆ. ಕರ್ನಲ್ ಮೈಲ್ಸ್ ಮಾಡಿದ ಅದರ ಇಂಗ್ಲಿಷ್ ಅನುವಾದ ಸಿಗುತ್ತದೆ. ಕನ್ನಡದಲ್ಲೇ ಬರೆದ ‘ಹೈದರ್‌ನಾಮೆ’ ಇದೆ. 1784ರ ಸುಮಾರಿನದು, ಹೈದರ್ ಸತ್ತು ಎರಡೇ ವರ್ಷ ಆಗಿತ್ತು. ಅದರ ಸಾರವನ್ನು ಮೈಸೂರು ಪುರಾತತ್ವ ಇಲಾಖೆಯ 1930ರ ವಾರ್ಷಿಕ ವರದಿಯಲ್ಲಿ ನೋಡಬಹುದು. ಸಿ. ಹಯವದನ ರಾವ್ ಬರೆದ ಮೈಸೂರು ಚರಿತ್ರೆಯ ಮೂರು ಸಂಪುಟಗಳು (1943–46) ಎರಡೂ ಕಡೆಯ ಆಕರಗಳನ್ನು ತೂಗಿ ನೋಡುತ್ತವೆ. ಅಡಿಟಿಪ್ಪಣಿಗಳೇ ಒಂದೊಂದು ಕಡೆ ಪುಟದ ಅರ್ಧ ಇರುತ್ತವೆ. ಹೈದರ್, ಟಿಪ್ಪು ಬರುವ ಮೊದಲಿನ ಕಾಳಗಗಳನ್ನೂ, ಅಂದರೆ ಕಂಠೀರವ ನರಸರಾಜ ಒಡೆಯರ ಕಾಲದವನ್ನೂ ಇಲ್ಲೇ ಓದಬೇಕು. ಆ ಅರಸನ ಮೇಲೆ ಗೋವಿಂದ ವೈದ್ಯ 1648ರಲ್ಲಿ ಬರೆದ ‘ಕಂಠೀರವ ನರಸರಾಜ ವಿಜಯಂ’ ಕಾವ್ಯದಲ್ಲಿ ಬಿಜಾಪುರದ ರಣದುಲ್ಲಾಖಾನನ ಶ್ರೀರಂಗಪಟ್ಟಣ ಮುತ್ತಿಗೆಯ ವರ್ಣನೆ ಇದೆ.

ಟಿಪ್ಪುವಿನ ಬಗ್ಗೆ ಹೊಸದಾಗಿ ಓದುವವರು ಮೊಹಿಬ್ಬುಲ್ ಹಸನ್‌ರ ಜೀವನಚರಿತ್ರೆ (ಮೊದಲ ಮುದ್ರಣ 1951) ಮತ್ತು ಇರ್ಫಾನ್ ಹಬೀಬ್ ಸಂಪಾದಿಸಿದ, 1999ರಲ್ಲಿ ಬಂದ ಲೇಖನ ಸಂಗ್ರಹ ಇವನ್ನು ದುಡ್ಡು ಕೊಟ್ಟೇ ಕೊಳ್ಳಬೇಕು, ಹಕ್ಕುಸ್ವಾಮ್ಯ ಇನ್ನೂ ಇದೆ. ವಿಲ್ಕ್ಸನನ್ನೂ ಹಸನ್ನರನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೇ ಪ್ರಸಂಗ ಓದಿ ನೋಡಿ. ಟಿಪ್ಪುವಿನ ಹೆಸರು ತೆಗೆದರೆ ಜಗಳ ಏಳುವ ಈ ದಿನಗಳಲ್ಲಿ ಇಬ್ಬರನ್ನೂ ಓದಿದವರ ಮಾತಿಗೆ ತೂಕ ಬರುತ್ತದೆ.

ನಕಾಶೆ ಇದೆಯೇ ನೋಡಿ

ಮರುಮುದ್ರಣ ಕೊಳ್ಳುವವರು ಈ ಒಂದು ವಿಷಯದಲ್ಲಿ ಎಚ್ಚರ ತಪ್ಪಬಾರದು. ಹಳೆಯ ಯುದ್ಧ ಪುಸ್ತಕಗಳಲ್ಲಿ ನಕಾಶೆಗಳನ್ನು ಮಡಿಸಿ ಅಂಟಿಸಿರುತ್ತಿದ್ದರು. ಬಿಡಿಸಿದರೆ ಎರಡು ಮೊಳ ಅಗಲ. ಸ್ಕ್ಯಾನ್ ಮಾಡುವವರು ಬಹಳ ಸಲ ಅದನ್ನು ಬಿಡಿಸದೆ ಮಡಿಕೆಯ ಮೇಲೇ ಚಿತ್ರ ತೆಗೆದುಬಿಡುತ್ತಾರೆ. ಪುಟದಲ್ಲಿ ಕಾಣುವುದು ಬೂದು ಬಣ್ಣದ ಒಂದು ಚೌಕ, ಮಡಿಕೆಯ ಗೆರೆ, ಅರ್ಧಕ್ಕೆ ನಿಂತ ಕಾವೇರಿ ನದಿ, ಮುಂದಿನ ಅಕ್ಷರಗಳು ಮಡಿಕೆಯೊಳಗೆ ಸೇರಿಹೋದ ಊರ ಹೆಸರು. ಆರ್ಡರ್ ಬಂದಾಗ ಮಾತ್ರ ಅಚ್ಚು ಹಾಕುವ ಪ್ರಕಾಶಕರು ಅದೇ ಸ್ಕ್ಯಾನನ್ನು ಇಳಿಸಿಕೊಂಡು ಹೊಳೆಯುವ ರಕ್ಷಾಕವಚ ಹಾಕಿ ಸಾವಿರ, ಎರಡು ಸಾವಿರ ರೂಪಾಯಿಗೆ ಮಾರುತ್ತಾರೆ. ಅಮೆಜಾನ್‌ನಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ. ಪುಟಗಳು ವಾರೆ, ಅಕ್ಷರ ಮಸುಕು, ನಕಾಶೆ ಇಲ್ಲ. ಲಗ್ಗೆ ಯಾವ ದಿಕ್ಕಿನಿಂದ ಬಂತು, ತೋಪು ಯಾವ ದಿಬ್ಬದ ಮೇಲಿತ್ತು ಎಂದು ತೋರಿಸದ ಯುದ್ಧ ಪುಸ್ತಕಕ್ಕೆ ಆ ಬೆಲೆ ಕೊಡಬೇಡಿ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಆರ್ಕೈವ್‌ನಲ್ಲಿ ಅದೇ ಪುಸ್ತಕದ ಎರಡು ಮೂರು ಬೇರೆ ಬೇರೆ ಪ್ರತಿಗಳನ್ನು ತೆರೆದು ನೋಡಿ. ಒಂದು ಗ್ರಂಥಾಲಯದವರು ಮಡಿಸಿದ್ದನ್ನು ಇನ್ನೊಂದು ಗ್ರಂಥಾಲಯದವರು ಬಿಡಿಸಿರುತ್ತಾರೆ. ಪುಸ್ತಕದ ಮೊದಲಲ್ಲಿ ನಕಾಶೆ, ಚಿತ್ರಗಳ ಪಟ್ಟಿ ಇರುತ್ತದೆ, ಅದಕ್ಕೆ ತಾಳೆ ನೋಡಿ. ಒಳ್ಳೆಯ ನಕಾಶೆ ಸಿಕ್ಕರೆ ಆ ಪುಟವನ್ನಷ್ಟೇ ಝೆರಾಕ್ಸ್ ಅಂಗಡಿಯಲ್ಲಿ ಎ-3 ಹಾಳೆಗೆ ತೆಗೆಸಿಕೊಳ್ಳಿ. ಕೊಳ್ಳುವುದೇ ಆದರೆ ಏಷಿಯನ್ ಎಜುಕೇಷನಲ್ ಸರ್ವಿಸಸ್‌ನಂಥ, ಹಳೆಯ ಪುಸ್ತಕಗಳ ಮರುಮುದ್ರಣವನ್ನೇ ಕಸುಬಾಗಿ ಮಾಡಿಕೊಂಡು ಬಂದ ಪ್ರಕಾಶಕರ ಪ್ರತಿಗಳನ್ನು ಹುಡುಕಿ. ಹೊಸದು ಸಿಗದಿದ್ದರೂ ಬೆಂಗಳೂರಿನ ಹಳೇ ಪುಸ್ತಕದಂಗಡಿಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತವೆ.

ಈಗಿನ ನಕಾಶೆಯೂ ಜೊತೆಗಿರಲಿ. ಸರ್ವೆ ಆಫ್ ಇಂಡಿಯಾದ ಹಳೆಯ ಕ್ರಮಸಂಖ್ಯೆಯಲ್ಲಿ ಹೊಸೂರು 57-ಎಚ್ ಹಾಳೆಗಳಲ್ಲಿ, ಕೃಷ್ಣಗಿರಿ 57-ಎಲ್ ಹಾಳೆಗಳಲ್ಲಿ ಬರುತ್ತದೆ. ಬೆಂಗಳೂರಿನ ಕೋರಮಂಗಲದಲ್ಲಿ ಆ ಇಲಾಖೆಯ ಕಚೇರಿ ಇದೆ. ಸಾರ್ವಜನಿಕರಿಗೆ ಬಿಟ್ಟಿರುವ ಹಾಳೆಗಳನ್ನು ಅದರ ಜಾಲತಾಣದಿಂದಲೂ ಇಳಿಸಿಕೊಳ್ಳಬಹುದು. ಡಿರೋಮನ ಪುಟವನ್ನೂ ಈ ಹಾಳೆಯನ್ನೂ ಹಿಡಿದು ರಾಯಕೋಟೆ ಬೆಟ್ಟ ಹತ್ತಿದವರಿಗೆ ಕೆಳಗಿನ ದಾರಿಯನ್ನು ಕಾಯಲು ಅಲ್ಲೇ ಯಾಕೆ ಕೋಟೆ ಕಟ್ಟಿದರು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಕಲಾವಿದರಾದ ಥಾಮಸ್ ಮತ್ತು ವಿಲಿಯಂ ಡ್ಯಾನಿಯಲ್ 1792ರಲ್ಲಿ ಈ ಕಡೆ ಬಂದು ರಾಯಕೋಟೆ, ಜಗದೇವಿ ಬೆಟ್ಟಗಳನ್ನು ಚಿತ್ರಿಸಿದ್ದಾರೆ. ಅವೂ ಜಾಲದಲ್ಲಿ ಪುಕ್ಕಟೆ ನೋಡಲು ಸಿಗುತ್ತವೆ.

ಬೆಂಗಳೂರಿಗೆ ಒಂದು ದಿನ

ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರು, ಕೃಷ್ಣಗಿರಿಯಿಂದ ಸುಮಾರು 90. ಸಿಲ್ಕ್ ಬೋರ್ಡಿನಲ್ಲಿ ಬಸ್ಸಿನೊಳಗೆ ಬೆವರುವ ಕಷ್ಟ 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ತಪ್ಪಿದೆ. ಬೊಮ್ಮಸಂದ್ರದಲ್ಲಿ ಇಳಿದು ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಳ್ಳಿ. ಆಮೇಲೆ ಪುಸ್ತಕದ ಜಾಗಗಳೆಲ್ಲ ಸಾಲಾಗಿ ಬರುತ್ತವೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಗಾಂಧಿ ಬಜಾರಿನ ಅಂಕಿತ ಪುಸ್ತಕ ನಡೆಯುವ ದೂರ. ಚಿಕ್ಕಪೇಟೆಯಲ್ಲಿ ಇಳಿದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರು. ಮೆಜೆಸ್ಟಿಕ್‌ನಲ್ಲಿ ಇಳಿದರೆ ಗಾಂಧಿನಗರದ ಸಪ್ನ. ಅಲ್ಲೇ ನೇರಳೆ ಮಾರ್ಗಕ್ಕೆ ಬದಲಾಯಿಸಿ ಎಂ.ಜಿ. ರಸ್ತೆಗೆ ಹೋದರೆ ಚರ್ಚ್ ಸ್ಟ್ರೀಟ್.

ಒಂದೇ ದಿನ ಇರುವುದಾದರೆ ಚರ್ಚ್ ಸ್ಟ್ರೀಟಿಗೇ ಹೆಚ್ಚು ಹೊತ್ತು ಕೊಡಿ. ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಸೈನ್ಯ ಮತ್ತು ಯುದ್ಧ ಪುಸ್ತಕಗಳ ಕಪಾಟು ಇದೆ. ಹೊಸದರ ಜೊತೆಗೆ ಹಳೆಯದೂ ಸಿಗುತ್ತದೆ. ಬ್ರಿಗೇಡ್ ರಸ್ತೆಯ ಅಡ್ಡ ಬೀದಿಯಲ್ಲಿ 1945ರಿಂದ ಇರುವ ಸೆಲೆಕ್ಟ್ ಬುಕ್ ಶಾಪ್ ಅಪರೂಪದ ಹಳೆಯ ಪುಸ್ತಕಗಳಿಗೆ ಹೆಸರುವಾಸಿ. ಅಲ್ಲಿ ಸುಮ್ಮನೆ ಕಣ್ಣಾಡಿಸುವುದಕ್ಕಿಂತ ಬೇಕಾದ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳುವುದು ಮೇಲು. ಹಳೇ ಪುಸ್ತಕ ಯಾವ ಅಂಗಡಿಯಲ್ಲೇ ಆಗಲಿ, ದುಡ್ಡು ಕೊಡುವ ಮೊದಲು ಬೆನ್ನಿನ ಹೊಲಿಗೆ ಎಳೆದು ನೋಡಿ, ಚಿತ್ರದ ಹಾಳೆಗಳನ್ನು ಎಣಿಸಿ, ಒಳರಟ್ಟಿನಲ್ಲಿ ಗೆದ್ದಲು ತಿಂದ ದಾರಿ ಇದೆಯೇ ನೋಡಿ. ಗ್ರಂಥಾಲಯದ ಮೊಹರು ಇದ್ದು, ಅದರ ಮೇಲೆ ತೆಗೆದುಹಾಕಲಾಗಿದೆ ಎಂಬ ಮತ್ತೊಂದು ಮೊಹರು ಇಲ್ಲದಿದ್ದರೆ ಕೊಳ್ಳಲೇಬೇಡಿ. ಅದು ಯಾವುದೋ ಊರಿನ ಓದುಗರ ಸ್ವತ್ತು.

ಕೊಳ್ಳಲಾಗದ್ದನ್ನು ಕೂತು ಓದಲು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ಹೋಗಿ. 1909ರಲ್ಲಿ ಹುಟ್ಟಿದ ಸಂಸ್ಥೆ. ಅದರ ತ್ರೈಮಾಸಿಕ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಮೈಸೂರು ಚರಿತ್ರೆಯ ಮೇಲೆ ಬೇರೆಲ್ಲೂ ಅಚ್ಚಾಗದ ಬರಹಗಳಿವೆ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯವೂ ದೂರವಿಲ್ಲ.

ಸ್ವಾತಂತ್ರ್ಯಾನಂತರದ ಯುದ್ಧಗಳಿಗೆ ಬೇರೆಯದೇ ದಾರಿ. ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ ಸಿದ್ಧಪಡಿಸಿದ ಅಧಿಕೃತ ಚರಿತ್ರೆಗಳಿವೆ. 1947–48ರ ಕಾಶ್ಮೀರ ಕಾರ್ಯಾಚರಣೆಯ ಸಂಪುಟ 1987ರಲ್ಲಿ ಬಂತು. ಕೊಡಗಿನ ತಿಮ್ಮಯ್ಯ ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿದ ವಿವರ ಅದರಲ್ಲಿದೆ. ಅವರ ಜೀವನಚರಿತ್ರೆಯನ್ನು ಹಂಫ್ರಿ ಇವಾನ್ಸ್ 1960ರಲ್ಲೇ ಬರೆದ. ಕಾರ್ಯಪ್ಪನವರ ಬಗ್ಗೆ ಸಿ. ಬಿ. ಖಂಡೂರಿ ಬರೆದ ದಪ್ಪ ಪುಸ್ತಕ ಇದೆ. ಕೇಂದ್ರ ಸರ್ಕಾರದ ಪ್ರಕಟಣಾ ವಿಭಾಗದ ಮಳಿಗೆ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಹೊಸೂರಿನವರಿಗೆ ದಾರಿಯಲ್ಲೇ ಸಿಗುವ ಜಾಗ, ಬೆಲೆಯೂ ಕಡಿಮೆ.

ಕನ್ನಡದಲ್ಲಿ, ತಮಿಳಿನಲ್ಲಿ

ಕನ್ನಡದಲ್ಲಿ ಯುದ್ಧ ಇತಿಹಾಸದ ಪುಸ್ತಕ ಕಡಿಮೆ ಎಂಬುದು ನಿಜ, ಬೇಸರದ ನಿಜ. ಇರುವುದರಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಬ್ರಿಗೇಡಿಯರ್ ಜಾನ್ ದಳವಿ ಬರೆದ ‘ಹಿಮಾಲಯನ್ ಬ್ಲಂಡರ್’. ರವಿ ಬೆಳಗೆರೆ ಅದನ್ನು ಕನ್ನಡಕ್ಕೆ ತಂದಿದ್ದಾರೆ, ಭಾವನಾ ಪ್ರಕಾಶನ ಹೊರತಂದಿದೆ. 1962ರ ಅಕ್ಟೋಬರಿನಲ್ಲಿ ನಮ್ಕಾ ಚು ನದಿಯ ದಂಡೆಯಲ್ಲಿ ತನ್ನ ಬ್ರಿಗೇಡು ನುಚ್ಚುನೂರಾದದ್ದನ್ನು ಕಂಡು, ಚೀನೀಯರ ಸೆರೆಯಾಳಾಗಿ, ಬಿಡುಗಡೆಯಾಗಿ ಬಂದ ಅಧಿಕಾರಿಯ ಸಂಕಟದ ಪುಸ್ತಕ ಅದು. ಹಳ್ಳಿಯ ಓದುಗರೂ ಕೈಯಿಂದ ಕೈಗೆ ದಾಟಿಸಿ ಓದಿದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ ಮಿಲೇನಿಯಂ ಸರಣಿಯಲ್ಲಿ ‘ಮಹಾಯುದ್ಧ’ ಮೂರು ಭಾಗಗಳಲ್ಲಿ ಬಂದಿದೆ. ಹೈಸ್ಕೂಲು ಮಕ್ಕಳಿಗೆ ಕೊಡಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಶಾಲೆಗಳ ಗ್ರಂಥಾಲಯಕ್ಕೆ ಯಾರಾದರೂ ಈ ಮೂರನ್ನು ತರಿಸಿಕೊಟ್ಟರೆ ದೊಡ್ಡ ಉಪಕಾರ. ಸಪ್ನ, ನವಕರ್ನಾಟಕ, ಅಂಕಿತದವರು ಅಂಚೆಯಲ್ಲಿ ಕಳಿಸುತ್ತಾರೆ, ಹೊಸೂರಿಗೆ ತರಿಸಿಕೊಳ್ಳುವುದು ಕಷ್ಟವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರದ ಮಳಿಗೆಯೂ ಇದೆ.

ವೀರಗಲ್ಲುಗಳ ಸಾಹಿತ್ಯವನ್ನು ಯುದ್ಧ ಇತಿಹಾಸದ ಕಪಾಟಿನಲ್ಲಿ ಯಾರೂ ಇಡುವುದಿಲ್ಲ, ಇಡಬೇಕಿತ್ತು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳು ವೀರಗಲ್ಲುಗಳ ಸೀಮೆ. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಕನ್ನಡ ಸಾಹಿತ್ಯ ಪರಿಷತ್ತಿನಿಂದ 1982ರಲ್ಲಿ ಬಂತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ವೀರರ ಮೇಲೆ ಉದ್ದನೆಯ ಚರ್ಚೆ ಇದೆ. ಅವನ್ನು ಓದಿ ಹೊಸೂರು ರಸ್ತೆಯ ಪಕ್ಕದ ಬೇಗೂರಿಗೆ ಹೋದರೆ ‘ಬೆಂಗಳೂರು ಕಾಳಗ’ವನ್ನು ಹೆಸರಿಸುವ ಒಂಬತ್ತನೆಯ ಶತಮಾನದ ಕಲ್ಲನ್ನು ನಾಗೇಶ್ವರ ದೇವಸ್ಥಾನದಲ್ಲಿ ನೋಡಬಹುದು. ಅದೇ ಬೇಗೂರಿನಿಂದ ಬಂದ ಇನ್ನೊಂದು ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನೆಂಬ ಗಂಗರ ಸಾಮಂತ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಸತ್ತದ್ದನ್ನು ಅದರಲ್ಲಿ ಕೆತ್ತಿದ್ದಾರೆ. ಆನೆ, ಕುದುರೆ, ಕತ್ತಿ ಹಿಡಿದ ಕಾಲಾಳು ಒತ್ತೊತ್ತಾಗಿ ತುಂಬಿಕೊಂಡಿದ್ದಾರೆ. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯವನ್ನೂ ಮರೆಯಬೇಡಿ. ಹೋಗುವ ಮೊದಲು ರಜೆ ದಿನ ವಿಚಾರಿಸಿಕೊಳ್ಳಿ.

ಹೊಸೂರಿನ ಕನ್ನಡಿಗರಲ್ಲಿ ಬಹಳ ಮಂದಿ ತಮಿಳನ್ನೂ ಸರಾಗವಾಗಿ ಓದುತ್ತಾರೆ. ಅದು ದೊಡ್ಡ ಬಲ, ಬಳಸಿಕೊಳ್ಳಿ. ಎರಡನೆಯ ಮಹಾಯುದ್ಧದಂಥ ವಿಷಯಗಳ ಮೇಲೆ ಕಿಳಕ್ಕು ಪ್ರಕಾಶನ ತಮಿಳಿನಲ್ಲಿ ಸರಳವಾದ ಪುಸ್ತಕಗಳನ್ನು ತಂದಿದೆ. ತಮಿಳಿನಲ್ಲಿ ನಡುಕಲ್ಲು ಎನ್ನುವ ವೀರಗಲ್ಲುಗಳ ಬಗ್ಗೆ ತಮಿಳುನಾಡು ಪುರಾತತ್ವ ಇಲಾಖೆಯ ಪ್ರಕಟಣೆಗಳಿವೆ. ಹೊಸೂರು, ಕೃಷ್ಣಗಿರಿಗಳಲ್ಲಿ ನಡೆಯುವ ಪುಸ್ತಕ ಮೇಳಗಳಲ್ಲಿ ಇವೆಲ್ಲ ರಿಯಾಯಿತಿ ಬೆಲೆಗೆ ಸಿಗುತ್ತವೆ. ಮೇಳಕ್ಕೆ ಮೊದಲ ದಿನವೇ ಹೋಗಿ ಬೇಕಾದ ಹೆಸರನ್ನು ಮಳಿಗೆಯವರಿಗೆ ಕೊಟ್ಟರೆ, ಚೆನ್ನೈ ಗೋದಾಮಿನಿಂದ ಮೇಳ ಮುಗಿಯುವುದರೊಳಗೆ ತರಿಸಿಕೊಡುವಂತೆ ಕೇಳಲು ಸಮಯ ಇರುತ್ತದೆ. ಕನ್ನಡ ಪ್ರಕಾಶಕರ ಮಳಿಗೆ ಯಾಕಿಲ್ಲ ಎಂದು ಮೇಳ ನಡೆಸುವವರನ್ನು ಪ್ರತಿ ವರ್ಷ ಕೇಳಿ, ಹೆಸರು ಬರೆದು ಅರ್ಜಿ ಕೊಡಿ. ನಾಲ್ಕು ಜನ ಓದುಗರು ಬರೆದುಕೊಟ್ಟರೆ ಮುಂದಿನ ವರ್ಷಕ್ಕೆ ಒಂದು ಮಳಿಗೆ ಗೊತ್ತುಮಾಡಲು ಅವರಿಗೂ ಒಂದು ಕಾರಣ ಸಿಗುತ್ತದೆ.